ಏಳನೆಯ ಡಬ್ಬಿ

ಸೀರೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಎಸೆದೆ. ಅವುಗಳ ಕೆಳಗೆ ಒಂದು ಹಳೆಯ ಶಾಲು, ಶಾಲಿನ ಕೆಳಗೆ ಹಳದಿಗೆ ತಿರುಗಿದ ಪತ್ರಿಕೆಯ ಹಾಳೆ, ಹಾಳೆಯ ಮೂಲೆಯಲ್ಲಿ ದುಂಡಗೆ ತುಕ್ಕಿನ ಗುರುತು. ಟ್ರಂಕು ಅಲ್ಲಿಗೆ ಮುಗಿದಿತ್ತು. ಸ್ಟೇಷನ್ನಿನಿಂದ ಓಡಿಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಆ ದುಂಡು ಗುರುತಿನ ಮೇಲೆ ಅಂಗೈಯಿಟ್ಟುಕೊಂಡು ಮಂಡಿಯೂರಿ ಕೂತೆ.

“ಏನ್ರೀ ಅದು, ಕಳ್ಳರ ಹಾಗೆ?” ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಹೈಮವತಿ ನಿಂತಿದ್ದಳು. ಕೈಯಲ್ಲಿ ಸೌಟಿತ್ತು.

“ಇಲ್ಲೊಂದು ಡಬ್ಬಿ ಇತ್ತಲ್ಲ.”

“ಯಾವ ಡಬ್ಬಿ?”

“ಬೀನ್ಸ್ ಡಬ್ಬಿ. ಹಳೇದು. ಮೇಲೆ ಚೀಟಿ ಇಲ್ಲದ್ದು.”

“ಓ, ಅದಾ?” ಅವಳು ನಕ್ಕಳು. “ತಿಂದೆ.”

“ಯಾವಾಗ?”

“ಆಗ್ಲೇ ಮೂರು ತಿಂಗಳಾಯ್ತೇನೋ. ನೀವು ಡಬ್ಬಿ ತರೋದನ್ನೇ ನಿಲ್ಲಿಸಿಬಿಟ್ಟಿದ್ರಿ. ನಂಗೆ ಆಸೆ ತಡೀಲಿಲ್ಲ. ಯಾವ ಕಾಲದ್ದೋ ಏನೋ, ಆದ್ರೂ ಕೆಟ್ಟಿರ್ಲಿಲ್ಲ ನೋಡಿ. ಎರಡು ಹಸಿಮೆಣಸಿನಕಾಯಿ ಸೀಳಿ ಹಾಕ್ಕೊಂಡೆ.” ಸೌಟಿನಿಂದಲೇ ಕಿಟಕಿಯ ಕಡೆ ತೋರಿಸಿದಳು. “ಡಬ್ಬಿ ಎಲ್ಲೂ ಹೋಗಿಲ್ಲ. ದೊಡ್ಡಪತ್ರೆ ನೆಟ್ಟಿದೀನಿ.”

ಕಿಟಕಿಯ ಹಲಗೆಯ ಮೇಲೆ ಡಬ್ಬಿ ಕೂತಿತ್ತು. ಅದರಿಂದ ಎದ್ದ ದಪ್ಪ ಎಲೆಗಳ ಮೇಲೆ ಹೊರಗಿನ ಮಂಜು ಹನಿಗಟ್ಟಿತ್ತು. ಮೂರು ತಿಂಗಳಿಂದ ಪ್ರತಿ ಬೆಳಿಗ್ಗೆ ಅದರ ಪಕ್ಕದಲ್ಲೇ ನಿಂತು ಕಾಫಿ ಕುಡಿದಿದ್ದೆ.

“ಮುಖ ಯಾಕೆ ಹಾಗಾಯ್ತು?”

“ಓಡಿಬಂದೆ. ಅಷ್ಟೆ.”

“ಹಳೇ ಡಬ್ಬಿಗೋಸ್ಕರ ಓಡಿಬಂದ್ರಾ? ಒಳ್ಳೇ ಗಂಡ ಸಿಕ್ಕಿದ್ರಿ ಕಣ್ರೀ ನಂಗೆ,” ಅಂದು ಅವಳು ಒಳಗೆ ಹೋದಳು. ನಾನು ಸೀರೆಗಳನ್ನು ಒಂದೊಂದಾಗಿ ಮಡಿಸಿ ಟ್ರಂಕಿನೊಳಗೆ ಇಡತೊಡಗಿದೆ. ಬದಲಿಮನೆಗೆ ಹೋಗುವ ದಿನಕ್ಕೆ ಇನ್ನು ಹನ್ನೆರಡು ದಿನ ಉಳಿದಿತ್ತು.

ನಮ್ಮೂರಿನಲ್ಲಿ ಇಬ್ಬರು ಒಂದೇ ವಿಷಯಕ್ಕೆ ಮೂರು ಸಲ ಬೀದಿಗೆ ಕೇಳಿಸುವಂತೆ ಜಗಳವಾಡಿದರೆ ಬದಲಿಮನೆಗೆ ಹೋಗಬೇಕು. ಕೆರೆಯ ದಂಡೆಯ ಮೇಲೆ ಉದ್ದನೆಯ ಹೆಂಚಿನ ಕಟ್ಟಡ. ಒಳಗೆ ಒಂದು ಬೆಂಚು, ಒಂದು ಮೇಜು, ನೀರು ತುಂಬಿದ ಒಂದು ಹಿತ್ತಾಳೆಯ ಗಂಗಾಳ. ಅಲ್ಲಿ ಅವರು ತಮ್ಮ ಅಭಿಪ್ರಾಯಗಳನ್ನು ಅದಲುಬದಲು ಮಾಡಿಕೊಂಡು ಒಂದು ವರ್ಷ ಇಟ್ಟುಕೊಳ್ಳಬೇಕು. ವರ್ಷ ತುಂಬಿದ ದಿನ ಹೋಗಿ ಅವರವರದನ್ನು ಅವರವರು ವಾಪಸು ಪಡೆಯಬಹುದು. ನಾನು ಹುಟ್ಟುವ ಮೊದಲಿನಿಂದಲೂ ಹೀಗೇ ನಡೆದಿದೆ. ನನ್ನ ಅಜ್ಜಿ ನಾಯಿಗಳ ಬಗ್ಗೆ ತನ್ನ ನಾದಿನಿಯ ಅಭಿಪ್ರಾಯವನ್ನು ಸಾಯುವವರೆಗೂ ಇಟ್ಟುಕೊಂಡಿದ್ದಳಂತೆ.

ನಾವು ಜಗಳವಾಡಿದ್ದು ಬೀನ್ಸಿಗಲ್ಲ, ಕಂಪ್ಯೂಟರಿಗೆ. ನಮ್ಮೂರಿನ ಮನೆಗಳಲ್ಲಿ ನಡೆಯುವುದು ಎರಡೇ ಆಪರೇಟಿಂಗ್ ಸಿಸ್ಟಂ, ಆಮೆ ಮತ್ತು ಕೊಕ್ಕರೆ. ಆಮೆಯಾದರೆ ಗುಂಡಿ ಒತ್ತಿದ ಮೇಲೆ ಪರದೆಯ ಈ ಅಂಚಿನಿಂದ ಆ ಅಂಚಿಗೆ ಒಂದು ಆಮೆ ನಡೆದು ದಾಟಬೇಕು. ಅಷ್ಟರಲ್ಲಿ ಅಕ್ಕಿ ತೊಳೆದು ಒಲೆಯ ಮೇಲಿಡಬಹುದು. ಆದರೆ ಒಮ್ಮೆ ದಾಟಿತೆಂದರೆ ದಿನವಿಡೀ ಕೈಕೊಡುವುದಿಲ್ಲ. ಕೊಕ್ಕರೆ ಕಣ್ಣು ಮಿಟುಕಿಸುವುದರೊಳಗೆ ಏಳುತ್ತದೆ, ಎಲ್ಲೆಲ್ಲೂ ಬೆಳ್ಳಗೆ, ಚೆಂದ. ಆದರೆ ಅದಕ್ಕೆ ಮನಸ್ಸು ಬಂದಾಗ ಒಂಟಿಕಾಲಲ್ಲಿ ನಿಂತು ನಿದ್ದೆ ಹೋಗುತ್ತದೆ, ಅರ್ಧ ಬರೆದದ್ದು ಅದರ ಹೊಟ್ಟೆಯಲ್ಲೇ ಉಳಿಯುತ್ತದೆ. ನಮ್ಮೂರಿನಲ್ಲಿ ಕ್ಷೌರಕ್ಕೆ ಕೂತರೂ ಕುತ್ತಿಗೆಗೆ ಬಟ್ಟೆ ಸುತ್ತುತ್ತ, ನೀವು ಆಮೆಯವರೋ ಕೊಕ್ಕರೆಯವರೋ ಎಂದು ಕೇಳಿಯೇ ಕತ್ತರಿ ಎತ್ತುವುದು. ಹೈಮ ಊರವರ ಅರ್ಜಿ, ಪತ್ರಗಳನ್ನು ಮನೆಯಲ್ಲೇ ಕೂತು ಟೈಪು ಮಾಡಿಕೊಡುತ್ತಾಳೆ. ಅವಳಿಗೆ ಕೊಕ್ಕರೆ ಬೇಕು. ನನಗೆ ಆಮೆ. ಮನೆಯಲ್ಲಿರುವುದು ಒಂದೇ ಕಂಪ್ಯೂಟರು.

ಮೂರನೆಯ ಸಲ ನಾವು ಕೂಗಾಡಿದಾಗ ಪಕ್ಕದ ಮನೆಯ ಪುಟ್ಟತಾಯಕ್ಕ ಗೋಡೆಯಾಚೆಯಿಂದ, “ಸಾಕು ಹೊರಡ್ರಪ್ಪ, ಲೆಕ್ಕ ಆಯ್ತು!” ಎಂದು ಕೂಗಿದಳು.

ಬದಲಿಮನೆಯ ಶೇಷಮ್ಮ ನಮ್ಮ ಮುಂದೆ ಒಂದು ಕಾಗದ ಇಟ್ಟಳು. ವಯಸ್ಸಾದ ಹೆಂಗಸು, ದಪ್ಪ ಕನ್ನಡಕ. ಕಾಗದದಲ್ಲಿ ಎರಡು ಸಾಲು. ಮೊದಲ ಸಾಲಿನಲ್ಲಿ ಕಂಪ್ಯೂಟರಿನ ವಿಷಯ ಬರೆದು ಹಿಂದಕ್ಕೆ ತಳ್ಳಿದೆವು.

“ಎರಡನೇ ಸಾಲು?”

“ಎರಡನೇದು ಏನಿಲ್ಲ ಶೇಷಮ್ಮ. ಇದೊಂದೇ.”

“ಖಾಲಿ ಬಿಡೋ ಹಾಗಿಲ್ಲ ಮಗ. ಏನಾದ್ರೂ ಸಣ್ಣದು ಹಾಕ್ರಿ. ಹೋದ ವಾರ ಒಬ್ರು ಪಚ್ಚಬಾಳೆಹಣ್ಣು ಅಂತ ಹಾಕಿ ಹೋದ್ರು, ಏನೂ ತೊಂದ್ರೆ ಆಗ್ಲಿಲ್ಲ.”

ನಾವು ಮುಖ ಮುಖ ನೋಡಿಕೊಂಡೆವು. “ಡಬ್ಬಿ ಬೀನ್ಸ್ ಹಾಕೋಣ್ವಾ?” ಅಂದೆ. “ಹಾಕಿ,” ಅಂದಳು ಹೈಮ. ಅವಳಿಗೆ ಮನೆಗೆ ಹೋಗುವ ಆತುರ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು.

ಡಬ್ಬಿ ಬೀನ್ಸಿಗೆ ನಮ್ಮೂರಿನಲ್ಲಿ ಯಾರೂ ಜಗಳವಾಡುವುದಿಲ್ಲ, ಆದರೆ ಅದರ ಬಗ್ಗೆ ಅಭಿಪ್ರಾಯವಿಲ್ಲದವರೂ ಇಲ್ಲ. ಸೋಮವಾರದ ಗೂಡ್ಸ್ ಗಾಡಿ ತಂದಿಳಿಸುವುದು ಡಬ್ಬಿಗಳನ್ನೇ. ಟೊಮೆಟೊ ರಸದಲ್ಲಿ ಮುಳುಗಿದ ಆ ಬಿಳಿ ಕಾಳು ನಮ್ಮ ಅವರೆಗೆ ದೂರದ ನೆಂಟ ಎನ್ನುವವರಿದ್ದಾರೆ, ನೆಂಟನೆಂದು ಹೇಳಿಕೊಂಡು ಬಂದ ಮೋಸಗಾರ ಎನ್ನುವವರಿದ್ದಾರೆ. ಪುಟ್ಟತಾಯಕ್ಕ ಇಂಗು, ಸಾಸಿವೆ, ಕರಿಬೇವಿನ ಒಗ್ಗರಣೆ ಬೀಳದೆ ಅದನ್ನು ಮನೆಯೊಳಗೇ ಸೇರಿಸುವುದಿಲ್ಲ. “ಸಿಹಿಯಾಗಿರೋದನ್ನ ಸಾರು ಅಂತ ಹೆಂಗೆ ಕರೀಲಿ?” ಎಂಬುದು ಅವಳ ಪ್ರಶ್ನೆ. ಅವಳ ಗಂಡನಿಗೆ ರೊಟ್ಟಿಯ ಮೇಲೆ ತಣ್ಣಗೇ ಸುರಿದುಕೊಳ್ಳಬೇಕು.

ನನ್ನ ಅಭಿಪ್ರಾಯ ನನ್ನ ಅಪ್ಪನಿಂದ ಬಂದದ್ದು. ಡಬ್ಬಿಯನ್ನು ಬಿಸಿನೀರಿನಲ್ಲಿ ಮುಳುಗಿಸಿಟ್ಟು, ತೆರೆದು, ಎರಡು ಹಸಿಮೆಣಸಿನಕಾಯಿ ಸೀಳಿ ಹಾಕಿ, ತಟ್ಟೆಗೆ ಬಗ್ಗಿಸದೆ ಡಬ್ಬಿಯಿಂದಲೇ ತಿನ್ನಬೇಕು. ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಅಪ್ಪ ಸ್ಟೇಷನ್ನಿನಲ್ಲಿ ಡಬ್ಬಿಗಳ ಕೆಲಸ ಮಾಡುತ್ತಿದ್ದ. ಈಗ ಅದೇ ಕೆಲಸ ನನ್ನದು. ಘಟ್ಟದ ಮಂಜಿನಲ್ಲಿ ನೆನೆದು ಅರ್ಧಕ್ಕರ್ಧ ಡಬ್ಬಿಗಳ ಚೀಟಿ ಕಿತ್ತು ಹೋಗಿರುತ್ತದೆ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇದು ಅನಾನಸ್, ಇದು ಬಟಾಣಿ, ಇದು ಬೀನ್ಸ್ ಎಂದು ಹೇಳಿ ಹೊಸ ಚೀಟಿ ಅಂಟಿಸಬೇಕು. ಅಪ್ಪ ಒಂದು ಸಲವೂ ತಪ್ಪಿದವನಲ್ಲ. ಮಧ್ಯಾಹ್ನ ನಾವಿಬ್ಬರೂ ಪ್ಲಾಟ್‌ಫಾರಂ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು ಒಂದೇ ಡಬ್ಬಿಯಿಂದ ತಿನ್ನುತ್ತಿದ್ದೆವು. ಕೊನೆಯ ಕಾಳು ನನಗೆ. ಡಬ್ಬಿ ಖಾಲಿಯಾದ ಮೇಲೆ ಅಪ್ಪ ಚಮಚದಿಂದ ಅದರ ಅಂಚಿಗೆ ಎರಡು ಸಲ ಟಕ್ ಟಕ್ ಎಂದು ಕುಟ್ಟಿ, ಬಾವಿಯೊಳಗೆ ಇಣುಕುವ ಹಾಗೆ ಒಳಗೆ ಇಣುಕುತ್ತಿದ್ದ.

ಹೈಮಳ ಅಭಿಪ್ರಾಯ ಚಿಕ್ಕದು. “ಅದು ಮನುಷ್ಯರು ತಿನ್ನೋ ಪದಾರ್ಥ ಅಲ್ಲ. ಆ ಡಬ್ಬೀನ ತೆಗೀಲೇಬಾರದು.” ಯಾಕೆ ಎಂದು ನಾನು ಕೇಳಿರಲಿಲ್ಲ. ಬಹಳ ಜನಕ್ಕೆ ಸೇರುವುದಿಲ್ಲ.

ಇಬ್ಬರೂ ಗಂಗಾಳದ ನೀರಿನಲ್ಲಿ ಕೈಯಿಟ್ಟು ನಮ್ಮ ನಮ್ಮ ಮಾತು ಹೇಳಿದೆವು. ನೀರು ಬೆಚ್ಚಗಾಯಿತು. ಆಮೇಲೆ ಬೆಂಚಿನ ಮೇಲೆ ಜಾಗ ಬದಲಾಯಿಸಿಕೊಂಡು ಕೂತು ಅದೇ ನೀರಿನಲ್ಲಿ ಕೈ ತೊಳೆದೆವು. ಅಷ್ಟೆ. ಮನೆಗೆ ನಡೆಯುವಾಗ ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗೆ ಎಲ್ಲೋ ಒಂಚೂರು ಒತ್ತುತ್ತಿತ್ತು. ಹಾಲು ಉಕ್ಕಿ ಒಲೆ ಆರಿತ್ತು.

ಕಂಪ್ಯೂಟರಿನ ಜಗಳ ನಿಲ್ಲಲಿಲ್ಲ, ದಿಕ್ಕು ಬದಲಾಯಿಸಿತು. “ಆ ಆಮೆ ದಾಟೋವರೆಗೆ ಕಾಯಬಾರದಾ? ಅದಕ್ಕೂ ಜೀವ ಇಲ್ವಾ?” ಎಂದು ಹೈಮ ನನ್ನನ್ನು ಬೈಯುತ್ತಿದ್ದಳು. “ಕೊಕ್ಕರೆಯಾಗಿದ್ರೆ ಇಷ್ಟು ಹೊತ್ತಿಗೆ ಹತ್ತು ಅರ್ಜಿ ಮುಗೀತಿತ್ತು,” ಎಂದು ನಾನು ಕೂಗುತ್ತಿದ್ದೆ. ಗೋಡೆಯಾಚೆ ಪುಟ್ಟತಾಯಕ್ಕ, “ಅಯ್ಯೋ, ಈಗ ಯಾರದು ಯಾವ್ದು ಅಂತ್ಲೇ ಗೊತ್ತಾಗ್ತಿಲ್ವಲ್ಲ ಶಿವನೇ,” ಎಂದು ಗಂಡನಿಗೆ ಹೇಳಿ ನಗುತ್ತಿದ್ದಳು. ನಮಗೂ ನಗು ಬರುತ್ತಿತ್ತು. ಆ ವರ್ಷ ನಾವು ನಕ್ಕಷ್ಟು ಹಿಂದೆಂದೂ ನಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಹೈಮ ಮೆಟ್ಟಿಲ ಮೇಲೆ ಕೂತು, ಡಬ್ಬಿಯಿಂದಲೇ ಬೀನ್ಸ್ ತಿಂದು ಮುಗಿಸಿ, ಚಮಚದಿಂದ ಅಂಚಿಗೆ ಟಕ್ ಟಕ್ ಎಂದು ಎರಡು ಸಲ ಕುಟ್ಟಿ ಒಳಗೆ ಇಣುಕಿದಳು. ನಾನು ಅಪ್ಪನ ಆ ಅಭ್ಯಾಸದ ಬಗ್ಗೆ ಅವಳಿಗೆ ಹೇಳಿರಲೇ ಇಲ್ಲ. ಅವಳು ನನ್ನ ಅಪ್ಪನನ್ನು ನೋಡಿದವಳೂ ಅಲ್ಲ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅಪ್ಪನ ಮುಖ ನೆನೆಸಿಕೊಳ್ಳಲು ನೋಡಿದೆ. ನೆನಪಿತ್ತು, ಆದರೆ ಬೇರೆ ಯಾರದೋ ಮನೆಯ ಗೋಡೆಯ ಮೇಲೆ ತೂಗುಹಾಕಿದ ಫೋಟೊದ ಹಾಗೆ. ಪ್ಲಾಟ್‌ಫಾರಂ ತುದಿ ನೆನಪಿತ್ತು. ಪಕ್ಕದಲ್ಲಿ ಯಾರೋ ಕೂತಿರುವ ಬಿಸುಪು ಇರಲಿಲ್ಲ. ಅದು ಅವಳ ಹತ್ತಿರ ಹೋಗಿತ್ತು. ಅಭಿಪ್ರಾಯವನ್ನು ಕಿತ್ತು ಕೊಟ್ಟರೆ ಬೇರಿನ ಮಣ್ಣೂ ಜೊತೆಗೆ ಹೋಗುತ್ತದೆ ಎಂದು ಶೇಷಮ್ಮ ನಮಗೆ ಹೇಳಿರಲಿಲ್ಲ. ಅವಳಿಗೆ ಅದು ಹೇಳಬೇಕೆಂದೇ ತೋಚದಷ್ಟು ಸಹಜವಾದ ವಿಷಯವಾಗಿತ್ತು.

ಆ ದಿನದಿಂದ ಕ್ಯಾಲೆಂಡರಿನ ಮೇಲೆ ಗೀಟು ಹಾಕತೊಡಗಿದೆ. ನನ್ನ ಅಪ್ಪ ನನಗೆ ವಾಪಸು ಬೇಕಾಗಿತ್ತು. ಒಮ್ಮೆ ತಡೆಯಲಾರದೆ ಸ್ಟೇಷನ್ನಿನಲ್ಲೇ ಒಂದು ಡಬ್ಬಿ ತೆರೆದು ಬಾಯಿಗೆ ಹಾಕಿಕೊಂಡೆ. ನುಂಗಲಾಗಲಿಲ್ಲ. ಹಳಿಗಳ ಆಚೆ ಹೋಗಿ ಉಗುಳಿ ಬಂದೆ.

ಯಾಕೆಂದರೆ ಹೈಮಳ ಅಭಿಪ್ರಾಯ ನನ್ನೊಳಗೆ ಬೇರು ಬಿಡುತ್ತಿತ್ತು. ಡಬ್ಬಿಯ ಮುಚ್ಚಳ ಎದ್ದಾಗಲೆಲ್ಲ ಮೊದಮೊದಲು ಮುಚ್ಚಿಟ್ಟ ಕೋಣೆಯ ವಾಸನೆ ಮಾತ್ರ ಬರುತ್ತಿತ್ತು. ಕೆಲವು ವಾರದ ಮೇಲೆ ಕೋಣೆಗೆ ಒಂದು ಕಿಟಕಿ ಬಂತು, ಕಿಟಕಿಗೆ ಹೂವಿನ ಪರದೆ ಬಂತು. ಆಮೇಲೆ ಗೋಡೆಯಲ್ಲೊಂದು ಗೂಡು, ಗೂಡಿನಲ್ಲಿ ಸಾಲಾಗಿ ಏನೋ. ನಾನು ಹಿತ್ತಿಲಿಗೆ ಓಡಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಡುತ್ತಿದ್ದೆ. ಕಣ್ಣಲ್ಲಿ ನೀರು ತಾನೇ ತಾನಾಗಿ ಇಳಿಯುತ್ತಿತ್ತು. ಕೊನೆಗೆ ಡಬ್ಬಿಗಳನ್ನು ಮನೆಗೆ ತರುವುದನ್ನೇ ಬಿಟ್ಟೆ.

ಟ್ರಂಕು ಹುಡುಕಿದ ಆ ದಿನ ಬೆಳಿಗ್ಗೆ ನಾನು ಸ್ಟೇಷನ್ನಿನಲ್ಲಿ ಡಬ್ಬಿಗಳನ್ನು ಅಲ್ಲಾಡಿಸುತ್ತ ಕೂತಿದ್ದೆ. ಒಂದು ಡಬ್ಬಿ ಕಿವಿಯ ಹತ್ತಿರ ಬಂದಾಗ ಎಲ್ಲವೂ ಒಟ್ಟಿಗೆ ಕಂಡಿತು. ಎಂಟು ವರ್ಷದ ಹುಡುಗಿ. ಅವಳ ತಾಯಿ ಸೋಮವಾರದ ಗಾಡಿ ಹತ್ತಿ ಮುಂದಿನ ಊರಿನ ಕಾರ್ಖಾನೆಗೆ ಹೋಗುತ್ತಾಳೆ. ಹೋಗುವ ಮೊದಲು ಗೂಡಿನಲ್ಲಿ ಏಳು ಡಬ್ಬಿ ಸಾಲಾಗಿ ಜೋಡಿಸುತ್ತಾಳೆ. ದಿನಕ್ಕೊಂದು. ಏಳನೆಯದನ್ನು ತೆರೆಯುವ ದಿನ ತಾಯಿ ವಾಪಸು ಬರುತ್ತಾಳೆ, ಇಬ್ಬರೂ ಸೇರಿ ತಿನ್ನುತ್ತಾರೆ. ಪ್ರತಿ ವಾರ ಹೀಗೇ. ಒಂದು ವಾರ ಏಳನೆಯ ದಿನ ಬಂತು, ತಾಯಿ ಬರಲಿಲ್ಲ. ಹುಡುಗಿ ಏಳನೆಯ ಡಬ್ಬಿಯನ್ನು ತೆರೆಯಲಿಲ್ಲ. ಅದನ್ನು ತೆರೆಯದಿದ್ದರೆ ವಾರ ಮುಗಿಯುವುದಿಲ್ಲ. ವಾರ ಮುಗಿಯದಿದ್ದರೆ ತಾಯಿಗೆ ತಡವಾದ ಹಾಗಲ್ಲ. ಚಿಕ್ಕಮ್ಮ ಬಂದು ಕರೆದುಕೊಂಡು ಹೋಗುವಾಗಲೂ ಹುಡುಗಿ ಅದನ್ನು ಶಾಲಿನಲ್ಲಿ ಸುತ್ತಿ, ತನ್ನ ಟ್ರಂಕಿನ ತಳದಲ್ಲಿಟ್ಟು ಜೊತೆಗೆ ಒಯ್ದಳು.

ಮದುವೆಯಾದ ಹೊಸದರಲ್ಲಿ ಹೈಮ ನನಗೆ ಹೇಳಿದ್ದು ಒಂದೇ ಮಾತು, “ಅಮ್ಮ ಹೋದ್ಲು, ಚಿಕ್ಕಮ್ಮ ಸಾಕಿದ್ಲು.” ಡಬ್ಬಿಯ ವಿಷಯ ಹೇಳಿರಲಿಲ್ಲ. ಈಗ ಅದು ಸುತ್ತಿದ ಶಾಲಿನ ಬಣ್ಣದ ಸಮೇತ ನನಗೆ ಗೊತ್ತಾಗಿತ್ತು. ಅವಳಿಗೇ ಅದು ಯಾವುದೋ ಹಳೇ ಡಬ್ಬಿಯಾಗಿ ಉಳಿದಿತ್ತು. ಹಾಗೆಂದು ಹೊಳೆದದ್ದೇ ನಾನು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಮನೆಗೆ ಓಡಿದ್ದೆ. ಮೂರು ತಿಂಗಳು ತಡವಾಗಿತ್ತು. ನನ್ನ ಆಸೆಯಿಂದ, ನನ್ನ ಅಪ್ಪನ ಹಸಿಮೆಣಸಿನಕಾಯಿ ಹಾಕಿಕೊಂಡು, ಅವಳು ಅದನ್ನು ತಿಂದು ಮುಗಿಸಿದ್ದಳು. ಅಂಚಿಗೆ ಎರಡು ಸಲ ಕುಟ್ಟಿಯೂ ಇರುತ್ತಾಳೆ.

ಇನ್ನು ಹನ್ನೆರಡು ದಿನಕ್ಕೆ ಅವಳ ಅಭಿಪ್ರಾಯ ಅವಳಿಗೆ ವಾಪಸು ಹೋಗುತ್ತದೆ. ಆಗ ಅವಳು ಕಿಟಕಿಯ ಕಡೆ ತಿರುಗುತ್ತಾಳೆ.

ಮರುದಿನ ನಾನು ಒಬ್ಬನೇ ಬದಲಿಮನೆಗೆ ಹೋದೆ. ಶೇಷಮ್ಮ ಮೆಟ್ಟಿಲಲ್ಲಿ ಕೂತು ಗಂಗಾಳಕ್ಕೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು.

“ಶೇಷಮ್ಮ, ಹೆಂಡತಿಯದ್ದನ್ನ ನಾನೇ ಇಟ್ಕೋಬಹುದಾ? ಪೂರ್ತಿಯಾಗಿ?”

“ಯಾಕಾಗಲ್ಲ. ಇಬ್ಬರೂ ಉಳಿಕೆ ಚೀಟಿಗೆ ರುಜು ಹಾಕ್ಬೇಕು.” ಅವಳು ತಲೆ ಎತ್ತಿದಳು. “ಹಾಗಾದ್ರೆ ನಿಂದು ಅವಳ ಹತ್ರಾನೇ ಉಳಿಯತ್ತೆ ಮಗ. ಒಂದು ಕೈಗೆ ಎರಡು ಕೊಡಕ್ಕಾಗಲ್ಲ.”

“ಗೊತ್ತು.”

“ನಿಂದು ದೊಡ್ಡದಾ?”

“ನಮ್ಮಪ್ಪಂದು.”

ಶೇಷಮ್ಮ ಗಂಗಾಳವನ್ನು ಪಕ್ಕಕ್ಕಿಟ್ಟಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ಒಂದು ಚೀಟಿ ತಂದುಕೊಟ್ಟಳು. ಕೆರೆಯ ಮೇಲೆ ಮಂಜು ಹತ್ತಿಯ ಹಾಗೆ ಬಿದ್ದಿತ್ತು. ಅಲ್ಲೇ ದಂಡೆಯ ಕಲ್ಲಿನ ಮೇಲೆ ಕೂತು ನನ್ನ ಹೆಸರು ಬರೆದೆ, ಇಂದುಧರ. ಬರೆದು ಮುಗಿಸಿದ ಮೇಲೆ ಅಪ್ಪನಿಗೆ ಏನಾದರೂ ಹೇಳಬೇಕೆನಿಸಿತು. ಹೇಳಲು ಅವನು ನನ್ನ ಹತ್ತಿರ ಇರಲಿಲ್ಲ.

ಹನ್ನೆರಡು ದಿನವೂ ಹೈಮ ಏನೂ ಕೇಳಲಿಲ್ಲ. ದೊಡ್ಡಪತ್ರೆಗೆ ನೀರು ಹಾಕುವಾಗ ಮಾತ್ರ ಒಂದೊಂದು ಸಲ ಲೋಟ ಹಿಡಿದ ಕೈ ಹಾಗೇ ನಿಂತಿರುತ್ತಿತ್ತು. ಹೊರಡುವ ದಿನ ನೋಡಿದರೆ, ಅವಳು ಡಬ್ಬಿಯನ್ನು ಗಿಡದ ಸಮೇತ ಎತ್ತಿ ಸೊಂಟಕ್ಕೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.

“ಅದ್ಯಾಕೆ?”

“ಕೆರೆ ಹತ್ರ ಬಿಸಿಲಿರತ್ತೆ. ಒಂಚೂರು ಕಾಣ್ಲಿ.”

ಬದಲಿಮನೆಯಲ್ಲಿ ಡಬ್ಬಿಯನ್ನು ತನ್ನ ಪಕ್ಕ ಬೆಂಚಿನ ಮೇಲೇ ಇಟ್ಟುಕೊಂಡಳು. ಮೊದಲು ಕಂಪ್ಯೂಟರಿನದು ಮುಗಿಯಿತು. ಕೈ ಒರೆಸಿಕೊಂಡದ್ದೇ ಹೈಮ, “ಅಬ್ಬಾ, ಒಂದು ವರ್ಷ ಆ ಆಮೆ ಹಿಂದೆ ತೆವಳಿದ್ನಲ್ಲ!” ಅಂದಳು. “ನೋಡ್ತಿರು, ಇವತ್ತೇ ನಿನ್ನ ಕೊಕ್ಕರೆ ಕೈಕೊಡತ್ತೆ,” ಅಂದೆ. ಹೇಳುವಾಗ ಹಳೆಯ ಚಪ್ಪಲಿ ಕಾಲಿಗೆ ಬಂದ ಹಾಗೆ ಹಾಯೆನಿಸಿತು. ಶೇಷಮ್ಮ ನಕ್ಕು ನೀರು ಬದಲಾಯಿಸಿದಳು.

“ಇನ್ನು ಎರಡನೇ ಸಾಲು.”

ನಾನು ಜೇಬಿನಿಂದ ಚೀಟಿ ತೆಗೆದು ಹೈಮಳ ಮುಂದಿಟ್ಟೆ.

“ಏನಿದು?”

“ಬೀನ್ಸ್ ಹೀಗೇ ಇರ್ಲಿ ಅಂತ. ನಂದು ನಿನ್ನ ಹತ್ರ, ನಿಂದು ನನ್ನ ಹತ್ರ. ನಾನು ರುಜು ಹಾಕಿದೀನಿ.”

ಅವಳು ಓದಿದಳು. ಎರಡು ಸಲ ಓದಿದಳು. “ನಿಮ್ಮಪ್ಪಂದು ಅಲ್ವೇನ್ರೀ ಇದು?”

ಅವಳಿಗೆ ಗೊತ್ತಿದೆಯೆಂದು ನಾನು ಎಣಿಸಿರಲಿಲ್ಲ.

“ಡಬ್ಬಿ ಖಾಲಿಯಾದ್ಮೇಲೆ ಎರಡು ಸಲ ಕುಟ್ಟದಿದ್ರೆ ಕೈ ಸುಮ್ನಿರಲ್ಲ ನಂಗೆ. ಯಾರದೋ ದೊಡ್ಡ ಕೈ ನನ್ನ ಕೈ ಮೇಲಿದ್ದ ಹಾಗೆ. ನಿಮ್ಮದಂತೂ ಅಲ್ಲ, ನಿಮ್ಮ ಕೈ ಇಷ್ಟು ಬೆಚ್ಚಗಿರಲ್ಲ.” ಅವಳು ನಗಲಿಲ್ಲ. “ವರ್ಷವೆಲ್ಲ ಕ್ಯಾಲೆಂಡರ್ ಮೇಲೆ ಗೀಟು ಹಾಕಿದವರು ನೀವು. ಈಗ ಇರ್ಲಿ ಅಂದ್ರೆ?”

“ಇರ್ಲಿ ಹೈಮ.”

“ಈ ಡಬ್ಬಿಗೋಸ್ಕರ ತಾನೇ?” ಪಕ್ಕದ ಗಿಡದ ಮೇಲೆ ಅವಳು ಕೈಯಿಟ್ಟಳು. “ಅವತ್ತು ಟ್ರಂಕಿನ ಮುಂದೆ ನಿಮ್ಮ ಮುಖ ನೋಡಿದಾಗ್ಲೇ ತಿಳೀತು, ನಾನೇನೋ ತಿನ್ನಬಾರದ್ದನ್ನ ತಿಂದಿದೀನಿ ಅಂತ. ಏನು ಅಂತ ಮಾತ್ರ ಎಷ್ಟು ಹುಡುಕಿದ್ರೂ ಸಿಗ್ತಿಲ್ಲ. ಅಮ್ಮ ನೆನಪಿದಾಳೆ. ಗೂಡು ನೆನಪಿದೆ. ಬರೀ ಗೂಡು.”

“ವಾಪಸ್ ತಗೊಂಡ್ರೆ ಅಳ್ತೀಯ.”

“ಎಷ್ಟು?”

“ತುಂಬಾ.”

“ನೀವು ಹಿತ್ತಿಲ ಕಲ್ಲಿನ ಮೇಲೆ ಕೂತು ಅಳ್ತಿದ್ರಲ್ಲ, ಅಡುಗೆಮನೆ ಕಿಟಕೀಲಿ ಕಾಣತ್ತೆ ನಂಗೆ. ಅದು ಯಾರ ಅಳು?”

ನಾನು ಚೀಟಿಯನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದೆ.

“ನಮ್ಮಮ್ಮಂಗೆ ನೀವ್ಯಾಕ್ರೀ ಅಳ್ಬೇಕು? ನೀವು ಅವಳನ್ನ ನೋಡಿದೀರಾ?”

ಶೇಷಮ್ಮ ಮೇಜಿನ ಮೇಲಿನ ಪೆನ್ನನ್ನು ಅವಳ ಕಡೆಗೆ ಮೆಲ್ಲಗೆ ಉರುಳಿಸಿದಳು. “ತಾಯಿ, ತನ್ನದು ಬಿಟ್ಟು ಕೊಡ್ತಿದಾನೆ. ಇಷ್ಟು ವರ್ಷದಲ್ಲಿ ಇಂಥದ್ದು ನಾನು ನೋಡಿದ್ದು ಕಡಿಮೆ. ರುಜು ಹಾಕು, ಹಗುರವಾಗಿರ್ತೀಯ.”

ಹೈಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಅಂಗಿಯ ಜೇಬಿಗೆ ಮತ್ತೆ ತುರುಕಿದಳು. ಬಳೆಗಳನ್ನು ಮೊಣಕೈಯವರೆಗೆ ಸರಿಸಿಕೊಂಡು, ಗಂಗಾಳವನ್ನು ತನ್ನ ಕಡೆಗೆ ಎಳೆದುಕೊಂಡಳು.

“ಬೇಡ,” ಅಂದಳು.